ಹಂದಿ ದೊಡ್ಡಿಗೆ ರೋಗ ಬರುವ ದಾರಿಗಳು, ಅವನ್ನು ಮುಚ್ಚುವ ಬಗೆ: ಬಳ್ಳಾರಿ, ಕೊಪ್ಪಳ, ರಾಯಚೂರು ಸಾಕಣೆದಾರರಿಗೆ ಸಮಗ್ರ ಮಾರ್ಗದರ್ಶಿ

ಹಂದಿ ಸಾಕಣೆಯ ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಗಬ್ಬ 114 ದಿನ, ಅಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಒಂದು ಸೂಲಿಗೆ ಎಂಟು ಹತ್ತು ಮರಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಅಕ್ಕಿ ಮಿಲ್ಲುಗಳಿವೆ, ತೌಡು ನುಚ್ಚು ಸಿಗುತ್ತದೆ. ಊರಿನ ಹೋಟೆಲ್‌ಗಳಿಂದ ಮುಸುರೆ ಬರುತ್ತದೆ. ಆದರೆ ಒಂದು ವಾರದಲ್ಲಿ ಇಡೀ ದೊಡ್ಡಿ ಖಾಲಿ ಮಾಡುವ ರೋಗಗಳೂ ಇವೆ. ಅವು ಬಂದ ಮೇಲೆ ಸಿರಿಂಜು ಹಿಡಿದು ಓಡಾಡಿದರೆ ಉಳಿಯುವುದು ಕಡಿಮೆ.

ನಾನು ಮೊದಲಿಗೇ ಹೇಳಬೇಕಾದದ್ದು ಇದು: ದೊಡ್ಡ ರೋಗಗಳು ತಾವಾಗಿ ದೊಡ್ಡಿಗೆ ನಡೆದು ಬರುವುದು ಅಪರೂಪ. ಮುಸುರೆ ಬಕೆಟ್ಟಿನಲ್ಲಿ, ಚಪ್ಪಲಿಯ ಕೆಸರಿನಲ್ಲಿ, ಹೊಸದಾಗಿ ಕೊಂಡ ಮರಿಯ ಜೊತೆ, ವ್ಯಾಪಾರಿಯ ಗಾಡಿಯ ಚಕ್ರದಲ್ಲಿ ನಾವೇ ಅವನ್ನು ತಂದುಕೊಳ್ಳುತ್ತೇವೆ. ಹಾಗಾಗಿ ಇಲ್ಲಿ ಔಷಧಿಗಿಂತ ಜಾಸ್ತಿ ಮಾತು ಗೇಟು, ಬಾನಿ, ನೀರು, ನೆರಳಿನ ಬಗ್ಗೆಯೇ ಇದೆ.

ಹಂತ 1: ಥರ್ಮಾಮೀಟರ್ ಮತ್ತು ಒಂದು ನೋಟ್‌ಬುಕ್

ಔಷಧಿ ಪೆಟ್ಟಿಗೆಗಿಂತ ಮೊದಲು ಒಂದು ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಮನುಷ್ಯರದ್ದೇ ಸಾಕು. ಅದರ ಹಿಂದಿನ ತುದಿಗೆ ಒಂದು ದಾರ, ದಾರಕ್ಕೆ ಬಟ್ಟೆ ಕ್ಲಿಪ್ಪು ಕಟ್ಟಿ. ಹಂದಿ ಮಲಗಿರುವಾಗ ಹೊಟ್ಟೆ ಕೆರೆಯುತ್ತಾ ಕೂತರೆ ಅದು ಸುಮ್ನೆ ಬಿದ್ದಿರುತ್ತದೆ. ತುದಿಗೆ ಸ್ವಲ್ಪ ಎಣ್ಣೆ ಹಚ್ಚಿ ಗುದದ್ವಾರದೊಳಗೆ ಮೆಲ್ಲಗೆ ತೂರಿಸಿ, ಕ್ಲಿಪ್ಪನ್ನು ಬೆನ್ನಿನ ಕೂದಲಿಗೆ ಸಿಕ್ಕಿಸಿ. ಬೀಪ್ ಅನ್ನುವವರೆಗೆ ಕಾಯಿರಿ. ಆರೋಗ್ಯವಂತ ಹಂದಿಗೆ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 104 ದಾಟಿದರೆ ಗಮನ ಕೊಡಿ. 105 ದಾಟಿದರೆ ಬೇರೆ ಕಟ್ಟಿ, ಡಾಕ್ಟರಿಗೆ ಫೋನ್ ಮಾಡಿ. ನಮ್ಮ ಕಡೆ ಒಂದು ಎಚ್ಚರ ಬೇಕು. ಏಪ್ರಿಲ್ ಮೇ ಮಧ್ಯಾಹ್ನ ನೋಡಿದರೆ ಬಿಸಿಲಿಗೇ ಮೈ ಕಾದಿರುತ್ತದೆ. ಬೆಳಗಿನ ಜಾವ ನೋಡಿದ್ದೇ ನಂಬಿಕೆಯ ಲೆಕ್ಕ.

ಮೇವು ಹಾಕುವ ಹೊತ್ತಿಗೆ ಯಾವ ಹಂದಿ ಎದ್ದು ಬರಲಿಲ್ಲ ಅನ್ನುವುದನ್ನು ದಿನಾ ನೋಡಿ. ಆರೋಗ್ಯವಾಗಿರುವ ಹಂದಿ ಬಕೆಟ್ಟಿನ ಸದ್ದಿಗೇ ಗಲಾಟೆ ಮಾಡುತ್ತದೆ. ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಮಲಗಿವೆ, ಅದೂ ಸೆಕೆಯ ದಿನದಲ್ಲಿ, ಅಂದರೆ ಜ್ವರ ಇದೆ ಅಂತಲೇ ತಿಳಿಯಿರಿ. ನೋಟ್‌ಬುಕ್ಕಿನಲ್ಲಿ ತಾರೀಕು, ಹಂದಿಯ ನಂಬರ್, ಜ್ವರ, ಕೊಟ್ಟ ಔಷಧಿ ಬರೆದಿಡಿ. ಮಾಂಸಕ್ಕೆ ಮಾರುವಾಗ ಈ ಪುಸ್ತಕವೇ ಕೆಲಸಕ್ಕೆ ಬರುತ್ತದೆ.

ಹಂತ 2: ಗೇಟು

ಹೊಸ ಹಂದಿ ತಂದರೆ 30 ದಿನ ಪ್ರತ್ಯೇಕ ಜಾಗದಲ್ಲಿ ಕಟ್ಟಿ. ಬಾನಿ, ಬಕೆಟ್, ಪೊರಕೆ ಎಲ್ಲ ಬೇರೆ ಇರಲಿ. ನಿಮ್ಮ ಹಳೆಯ ಹಂದಿಗಳ ಕೆಲಸ ಮುಗಿಸಿದ ಮೇಲೆ ಕೊನೆಗೆ ಅಲ್ಲಿಗೆ ಹೋಗಿ. ಆಫ್ರಿಕನ್ ಹಂದಿ ಜ್ವರದ ವೈರಸ್ ಮೈಯೊಳಗೆ ಹೊಕ್ಕ ಮೇಲೆ ಲಕ್ಷಣ ಕಾಣಲು 19 ದಿನದ ತನಕವೂ ಹಿಡಿಯಬಹುದು. ಒಂದು ವಾರ ನೋಡಿ ಒಳಗೆ ಬಿಟ್ಟರೆ ಪ್ರಯೋಜನ ಇಲ್ಲ.

ಬೀಜದ ಹಂದಿಯನ್ನು ಊರೂರು ತಿರುಗಿಸುವ, ಎರವಲು ತರುವ ರೂಢಿ ನಿಲ್ಲಬೇಕು. ಒಂದು ದೊಡ್ಡಿಯ ರೋಗವನ್ನು ಇನ್ನೊಂದಕ್ಕೆ ಸಾಗಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ವ್ಯಾಪಾರಿಯ ಗಾಡಿ ಗೇಟಿನ ಹೊರಗೇ ನಿಲ್ಲಲಿ. ಹಂದಿಗಳನ್ನು ನೀವೇ ಹೊರಗೆ ಹೊಡೆದುಕೊಂಡು ಬನ್ನಿ. ದೊಡ್ಡಿಗೆ ಅಂತಲೇ ಒಂದು ಜೊತೆ ಗಂಬೂಟು ಇಡಿ. ಅದು ಹೊರಗೆ ಹೋಗಬಾರದು, ಹೊರಗಿನ ಚಪ್ಪಲಿ ಒಳಗೆ ಬರಬಾರದು.

ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಅಥವಾ 2 ಪರ್ಸೆಂಟ್ ಕಾಸ್ಟಿಕ್ ಸೋಡಾ ನೀರಿನ ತೊಟ್ಟಿ ಇಡುತ್ತಾರೆ. ಒಳ್ಳೆಯದು. ಆದರೆ ಸಗಣಿ ಮೆತ್ತಿದ ಬೂಟನ್ನು ಅದರಲ್ಲಿ ಅದ್ದಿದರೆ ಏನೂ ಸಾಯುವುದಿಲ್ಲ. ಮೊದಲು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು, ಆಮೇಲೆ ಅದ್ದಬೇಕು. ತೊಟ್ಟಿಯ ನೀರನ್ನು ದಿನಾ ಬದಲಾಯಿಸಿ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಕೈಗೆ ಗ್ಲೌಸ್ ಇರಲಿ.

ಊರಲ್ಲಿ ಬಿಟ್ಟು ಮೇಯಿಸುವ ಹಂದಿಗಳಿದ್ದರೆ ನಿಮ್ಮ ಶೆಡ್ಡಿಗೆ ಬೇಲಿ ಅಲ್ಲ, ಗೋಡೆ ಬೇಕು. ಮೂಗಿಗೆ ಮೂಗು ತಾಗಿದರೂ ಸಾಕು, ರೋಗ ದಾಟುತ್ತದೆ.

ಹಂತ 3: ಮುಸುರೆಯನ್ನು ಕುದಿಸಿ, ಉಪ್ಪನ್ನು ನೋಡಿ

ಹೋಟೆಲ್ ಮುಸುರೆಯಲ್ಲಿ ಹಸಿ ಮಾಂಸದ ಚೂರು, ಮೂಳೆ, ತೊಳೆದ ನೀರು ಎಲ್ಲ ಸೇರಿರುತ್ತದೆ. ಹಂದಿ ಜ್ವರ, ಆಫ್ರಿಕನ್ ಹಂದಿ ಜ್ವರ, ಕಾಲುಬಾಯಿ ಜ್ವರ ಮೂರೂ ಈ ದಾರಿಯಲ್ಲಿ ಬರಬಲ್ಲವು. ಫ್ರಿಜ್‌ನಲ್ಲಿಟ್ಟ, ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲೂ ಆಫ್ರಿಕನ್ ಹಂದಿ ಜ್ವರದ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಮುಸುರೆ ಹಾಕದೆ ನಡೆಯುವುದಾದರೆ ಅದೇ ಲೇಸು. ಹಾಕಲೇಬೇಕೆಂದರೆ ಪಾತ್ರೆ ಪೂರ್ತಿ ಕುದಿ ಬಂದ ಮೇಲೆ ಮತ್ತೆ 30 ನಿಮಿಷ ಕುದಿಸಿ, ತಳದಿಂದ ಕಲಕುತ್ತಾ ಇರಿ. ಮೇಲೆ ಗುಳ್ಳೆ ಬಂದ ಕೂಡಲೇ ಇಳಿಸಿದರೆ ನಡುವಿನ ಅನ್ನದ ಉಂಡೆ ಇನ್ನೂ ತಣ್ಣಗೇ ಇರುತ್ತದೆ. ಹಸಿ ಮುಸುರೆ ತಂದ ಬಕೆಟ್ಟು ಬೇರೆ, ಕುದಿಸಿದ್ದನ್ನು ಹಾಕುವ ಬಕೆಟ್ಟು ಬೇರೆ. ಎರಡಕ್ಕೂ ಬೇರೆ ಬೇರೆ ಬಣ್ಣ ಹಚ್ಚಿದರೆ ಕೆಲಸದವರಿಗೆ ಗೊಂದಲ ಇಲ್ಲ.

ಇದರಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಬಹಳ ಜನ ರೋಗ ಅಂತಲೇ ತಿಳಿಯುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಸಾಂಬಾರು ತುಂಬಿದ ಮುಸುರೆ ತಿಂದ ದಿನವೇ ಕರೆಂಟು ಹೋಗಿ ಬೋರ್‌ವೆಲ್ ನಿಂತರೆ, ಹಂದಿಗೆ ಉಪ್ಪಿನ ವಿಷ ಏರುತ್ತದೆ. ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತವೆ, ನಾಯಿಯ ಹಾಗೆ ಹಿಂಗಾಲ ಮೇಲೆ ಕೂರುತ್ತವೆ, ಮೂಗು ಅದುರಿ ಫಿಟ್ಸ್ ಬರುತ್ತದೆ. ಆಗ ಬಾಯಾರಿದೆ ಅಂತ ತೊಟ್ಟಿ ತುಂಬ ನೀರು ಬಿಡಬೇಡಿ. ಒಮ್ಮೆಲೇ ಕುಡಿದರೆ ಮೆದುಳು ಊದಿಕೊಂಡು ಸಾಯುತ್ತವೆ. ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಿ. ಡಾಕ್ಟರನ್ನು ಕರೆಸಿ.

ಹಂತ 4: ಹಿಂಡಿ ಮತ್ತು ಕಾಳು

ರಾಯಚೂರು ಹತ್ತಿಯ ಊರು. ಹತ್ತಿಕಾಳಿನ ಹಿಂಡಿ ಸುತ್ತಮುತ್ತ ಧಾರಾಳವಾಗಿ ಸಿಗುತ್ತದೆ. ಎಮ್ಮೆಗೆ ಒಗ್ಗುತ್ತದೆ, ಹಂದಿಗೆ ಒಗ್ಗುವುದಿಲ್ಲ. ಅದರಲ್ಲಿರುವ ಗಾಸಿಪಾಲ್ ಎಂಬ ವಿಷವನ್ನು ಮೆಲುಕು ಹಾಕುವ ದನದ ಹೊಟ್ಟೆ ಕಟ್ಟಿಹಾಕುತ್ತದೆ. ಹಂದಿಗೆ ಅಂಥ ಹೊಟ್ಟೆ ಇಲ್ಲ. ವಾರಗಟ್ಟಲೆ ಒಳಗೊಳಗೇ ಸೇರಿಕೊಂಡು ಹೃದಯ ಹಾಳು ಮಾಡುತ್ತದೆ. ಹಂದಿ ಏದುಸಿರು ಬಿಡುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ಬಿದ್ದು ಸಾಯುತ್ತದೆ. ಇದಕ್ಕೆ ಮದ್ದಿಲ್ಲ. ಅಗ್ಗ ಅಂತ ಹತ್ತಿಕಾಳು ಹಿಂಡಿ ಹಾಕಬೇಡಿ, ಶೇಂಗಾ ಹಿಂಡಿಯೋ ಸೋಯಾ ಹಿಂಡಿಯೋ ಹಾಕಿ.

ಶೇಂಗಾ ಹಿಂಡಿ, ಮೆಕ್ಕೆಜೋಳ ಎರಡಕ್ಕೂ ಬೂಷ್ಟಿನ ಕಾಟ. ಮಳೆಗೆ ನೆನೆದು ಕಪ್ಪಾದ, ಹಸಿರು ಬೂಷ್ಟು ಹಿಡಿದ ಕಾಳು ಯಕೃತ್ತನ್ನು ಕೆಡಿಸುತ್ತದೆ. ತಾಯಿ ಹಂದಿ ಕಂದು ಹಾಕಬಹುದು, ಮರಿ ಬೆಳೆಯುವುದಿಲ್ಲ, ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಬೂಷ್ಟನ್ನು ಕೊಡವಿದರೆ ವಿಷ ಹೋಗುವುದಿಲ್ಲ. ಚೀಲವನ್ನು ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲೆ ಜೋಡಿಸಿ.

ಹಂತ 5: ಎರಡು ಜ್ವರಗಳನ್ನು ಅರಿಯಿರಿ

ಹಂದಿ ಜ್ವರ ಅಂತ ನಾವು ಹಿಂದಿನಿಂದ ಹೇಳುತ್ತಾ ಬಂದಿರುವುದು ಒಂದು, 2020ರಿಂದ ದೇಶದಲ್ಲಿ ಕಾಣಿಸಿಕೊಂಡಿರುವ ಆಫ್ರಿಕನ್ ಹಂದಿ ಜ್ವರ ಇನ್ನೊಂದು. ವೈರಸ್ ಬೇರೆ ಬೇರೆ. ಆದರೆ ನೋಡಲಿಕ್ಕೆ ಎರಡೂ ಒಂದೇ ಥರ. ಜ್ವರ 105ರಿಂದ 107. ಮೇವು ಬಿಡುತ್ತವೆ. ಗುಂಪಾಗಿ ಮಲಗುತ್ತವೆ. ಕಿವಿ, ಹೊಟ್ಟೆ, ತೊಡೆಯ ಒಳಭಾಗ ಕೆಂಪಾಗಿ ಆಮೇಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲು ಮಲಬದ್ಧತೆ, ನಂತರ ಭೇದಿ. ಹಿಂಗಾಲು ತೂರಾಡುತ್ತವೆ. ಬಿಳಿ ಯಾರ್ಕ್‌ಷೈರ್ ಹಂದಿಯಲ್ಲಿ ಬಣ್ಣ ಸ್ಪಷ್ಟ. ನಮ್ಮ ನಾಟಿ ಕರಿ ಹಂದಿಯಲ್ಲಿ ಚರ್ಮ ನೋಡಿ ಏನೂ ಗೊತ್ತಾಗದು. ಅದಕ್ಕೇ ಥರ್ಮಾಮೀಟರ್ ಅಂದದ್ದು.

ಕಣ್ಣಲ್ಲಿ ನೋಡಿ ಇದು ಇಂಥದ್ದೇ ಅಂತ ಯಾರೂ ಹೇಳಲಾರರು, ಅನುಭವಿ ಡಾಕ್ಟರೂ ಹೇಳಲಾರರು. ರಕ್ತ, ಗುಲ್ಮದ ಸ್ಯಾಂಪಲ್ ಪ್ರಯೋಗಾಲಯಕ್ಕೆ ಹೋಗಬೇಕು. ಆಫ್ರಿಕನ್ ಹಂದಿ ಜ್ವರವನ್ನು ಖಚಿತಪಡಿಸುವ ರಾಷ್ಟ್ರೀಯ ಪ್ರಯೋಗಾಲಯ ಭೋಪಾಲದಲ್ಲಿದೆ.

ವ್ಯತ್ಯಾಸ ಇರುವುದು ಲಸಿಕೆಯಲ್ಲಿ. ಹಳೆಯ ಹಂದಿ ಜ್ವರಕ್ಕೆ ಒಳ್ಳೆಯ ಲಸಿಕೆ ಇದೆ. ಮರಿಗೆ ಎರಡು ತಿಂಗಳ ಆಸುಪಾಸು ಹಾಕಿಸಿ, ಮುಂದೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ ಹಾಕಿಸುತ್ತಾ ಹೋಗಿ. ಇದು ಜೀವಂತ ಲಸಿಕೆ. ಐಸ್ ಪೆಟ್ಟಿಗೆಯಲ್ಲೇ ಬರಬೇಕು. ರಾಯಚೂರಿನ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟು ತಂದ ಲಸಿಕೆ ಬರೀ ನೀರು. ಬೆಳಿಗ್ಗೆಯೇ ಹಾಕಿಸಿ, ಬೆರೆಸಿದ ಶೀಷೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ಗಬ್ಬದ ಹಂದಿ ಇದ್ದರೆ ಮೊದಲೇ ಹೇಳಿ.

ಆಫ್ರಿಕನ್ ಹಂದಿ ಜ್ವರಕ್ಕೆ ನಮ್ಮಲ್ಲಿ ಲಸಿಕೆಯೂ ಇಲ್ಲ, ಚಿಕಿತ್ಸೆಯೂ ಇಲ್ಲ. ಅಸ್ಸಾಂ, ಅರುಣಾಚಲದಲ್ಲಿ ಶುರುವಾದದ್ದು 2022ರ ಜುಲೈಗೆ ಕೇರಳದ ವಯನಾಡಿಗೆ ಬಂದಿತ್ತು. ಮನುಷ್ಯರಿಗೆ ಇದು ಬರುವುದಿಲ್ಲ. ಅದು ನಿಜ. ಆದರೆ ಆ ಮಾತನ್ನೇ ನೆಪ ಮಾಡಿಕೊಂಡು ಕಾಯಿಲೆ ಬಿದ್ದ ಹಂದಿಯನ್ನು ಅವಸರದಲ್ಲಿ ಕೊಯ್ದು ಮಾರಿದರೆ, ಆ ಮಾಂಸದ ತೊಳೆದ ನೀರು ನಾಳೆ ಇನ್ನೊಬ್ಬ ಬಡವನ ದೊಡ್ಡಿಗೆ ಮುಸುರೆಯಾಗಿ ಹೋಗುತ್ತದೆ.

ಹಂತ 6: ಅನುಮಾನ ಬಂದ ದಿನ ಏನು ಮಾಡಬೇಕು

ಎರಡು ಮೂರು ಹಂದಿ ಒಟ್ಟಿಗೆ ಜ್ವರ ಬಂದು ಬಿದ್ದರೆ, ಅಥವಾ ಇದ್ದಕ್ಕಿದ್ದಂತೆ ಸತ್ತರೆ, ಆ ಗಳಿಗೆಯಿಂದ ಯಾವ ಹಂದಿಯೂ ಒಳಗೆ ಬರಬಾರದು, ಹೊರಗೆ ಹೋಗಬಾರದು. ವ್ಯಾಪಾರಿಗೆ ಫೋನ್ ಮಾಡುವ ಆಸೆ ಆಗುತ್ತದೆ, ಅರ್ಧ ರೇಟಿಗಾದರೂ ಹೋಗಲಿ ಅನ್ನಿಸುತ್ತದೆ. ದಯವಿಟ್ಟು ಬೇಡ. 1962ಕ್ಕೆ ಫೋನ್ ಮಾಡಿ, ಅದು ಸಂಚಾರಿ ಪಶು ಚಿಕಿತ್ಸಾ ಘಟಕದ ನಂಬರ್. ಹತ್ತಿರದ ಪಶು ಆಸ್ಪತ್ರೆಗೂ ತಿಳಿಸಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯ್ದೆ ಪ್ರಕಾರ ಇಂಥ ರೋಗ ಮುಚ್ಚಿಡುವಂತಿಲ್ಲ.

ಬೇಗ ಹೇಳುವುದರಲ್ಲಿ ನಿಮ್ಮ ಲಾಭವೂ ಇದೆ. ಆಫ್ರಿಕನ್ ಹಂದಿ ಜ್ವರ ಖಚಿತವಾದರೆ 1 ಕಿಲೋಮೀಟರ್ ಸುತ್ತಲಿನ ಹಂದಿಗಳನ್ನು ಇಲಾಖೆ ಕೊಲ್ಲಿಸುತ್ತದೆ, 10 ಕಿಲೋಮೀಟರ್ ತನಕ ನಿಗಾ ಇಡುತ್ತದೆ. ಪರಿಹಾರ ಸಿಗುವುದು ಇಲಾಖೆ ಕೊಲ್ಲಿಸಿದ ಹಂದಿಗೆ. ಅದಕ್ಕೂ ಮೊದಲೇ ಸತ್ತು ಹೂತಿದ್ದಕ್ಕೆ ಅಲ್ಲ. ಕಾಯುತ್ತಾ ಕೂತಷ್ಟೂ ಪರಿಹಾರ ಕರಗುತ್ತದೆ.

ಸತ್ತ ಹಂದಿಯನ್ನು ಕಾಲುವೆಗೆ ಎಸೆಯುವುದು ನಮ್ಮ ಸೀಮೆಯ ದೊಡ್ಡ ಪಿಡುಗು. ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳ ಕುಡಿಯುವ ನೀರಿನ ಕೆರೆಗೆ ಹೋಗುತ್ತದೆ. ಬಾವಿ, ಕಾಲುವೆಯಿಂದ ದೂರದಲ್ಲಿ ಆರಡಿ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿ ಕೆದರದ ಹಾಗೆ ಮುಚ್ಚಿ. ಗಂಟಲು ಊದಿ, ಮೂಗು ಬಾಯಿಯಲ್ಲಿ ರಕ್ತ ಬಂದು ಸತ್ತಿದ್ದರೆ ಅದು ನೆರಡಿ ರೋಗವೂ (ಆಂಥ್ರಾಕ್ಸ್) ಇರಬಹುದು. ಚಾಕು ಮುಟ್ಟಿಸಬೇಡಿ, ಚರ್ಮ ಸುಲಿಯಬೇಡಿ, ಡಾಕ್ಟರು ಬರುವ ತನಕ ಹಾಗೇ ಇರಲಿ.

ಹಂತ 7: ವಾಸಿಯಾಗುವ ರೋಗಗಳು

ಎಲ್ಲ ಜ್ವರವೂ ಸಾವಲ್ಲ. ಚರ್ಮದ ಮೇಲೆ ಚೌಕಾಕಾರದ, ಕೈಗೆ ಉಬ್ಬಿ ಸಿಗುವ ಕೆಂಪು ಗುರುತು ಎದ್ದು ಜ್ವರ ಬಂದಿದ್ದರೆ ಎರಿಸಿಪೆಲಸ್ ಇರಬಹುದು. ಸರಿಯಾದ ಹೊತ್ತಿಗೆ ಪೆನಿಸಿಲಿನ್ ಬಿದ್ದರೆ ಒಂದೆರಡು ದಿನದಲ್ಲೇ ಚೇತರಿಸುತ್ತದೆ. ಗಾಯವಾದ ಕೈಯಲ್ಲಿ ಮುಟ್ಟಿದರೆ ನಮಗೂ ತಗಲುತ್ತದೆ.

ಕಾಲುಬಾಯಿ ಜ್ವರದಲ್ಲಿ ಹಂದಿಗೆ ಬಾಯಿಗಿಂತ ಕಾಲೇ ಮುಖ್ಯ. ಗೊರಸಿನ ಸುತ್ತ ಗುಳ್ಳೆ ಎದ್ದು ಕುಂಟುತ್ತವೆ, ಗೊರಸು ಕಳಚಿ ಬೀಳುವುದೂ ಉಂಟು. ಹಂದಿ ಉಸಿರಿನಲ್ಲಿ ದನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ವೈರಸ್ ಬಿಡುತ್ತದೆ, ಹಾಗಾಗಿ ಪಕ್ಕದಲ್ಲಿ ಎಮ್ಮೆ ಕಟ್ಟಿದ್ದರೆ ಅದಕ್ಕೂ ಅಪಾಯ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಲಸಿಕೆ ಕಾರ್ಯಕ್ರಮದಲ್ಲಿ ಹಂದಿಯೂ ಸೇರಿದೆ. ದನಕ್ಕೆ ಹಾಕಲು ಬಂದವರನ್ನು ನಿಮ್ಮ ದೊಡ್ಡಿಗೂ ಕರೆಯಿರಿ.

ಕಜ್ಜಿಗೆ ಐವರ್‌ಮೆಕ್ಟಿನ್ ಚೆನ್ನಾಗಿ ಕೆಲಸ ಮಾಡುತ್ತದೆ. 1 ಪರ್ಸೆಂಟ್ ಇಂಜೆಕ್ಷನ್ ಆದರೆ 33 ಕಿಲೋ ತೂಕಕ್ಕೆ 1 ಎಂಎಲ್, ಚರ್ಮದ ಕೆಳಗೆ. 14 ದಿನಕ್ಕೆ ಮತ್ತೊಮ್ಮೆ. ದೊಡ್ಡಿಯ ಎಲ್ಲ ಹಂದಿಗೂ ಒಂದೇ ದಿನ ಹಾಕಬೇಕು, ಒಂದನ್ನು ಬಿಟ್ಟರೂ ಕಜ್ಜಿ ವಾಪಸ್ಸು.

ಹಂತ 8: ಮರಿಗಳ ಮೊದಲ ಎರಡು ವಾರ

ಹುಟ್ಟಿದ ಆರು ಗಂಟೆಯೊಳಗೆ ಪ್ರತಿ ಮರಿಯೂ ಗಿಣ್ಣದ ಹಾಲು ಕುಡಿದಿರಬೇಕು. ಬಡಕಲು ಮರಿಯನ್ನು ನೀವೇ ಎತ್ತಿ ಮುಂದಿನ ಮೊಲೆಗೆ ಹಚ್ಚಿ, ಅಲ್ಲಿ ಹಾಲು ಜಾಸ್ತಿ. ಸಿಮೆಂಟ್ ನೆಲದ ಮರಿಗೆ ಮಣ್ಣು ಸಿಗುವುದಿಲ್ಲ, ತಾಯಿ ಹಾಲಲ್ಲಿ ಕಬ್ಬಿಣ ಸಾಲದು. ಮೂರನೇ ನಾಲ್ಕನೇ ದಿನ 200 ಮಿಲಿಗ್ರಾಂ ಐರನ್ ಇಂಜೆಕ್ಷನ್ ಕೊಡದಿದ್ದರೆ ಬಿಳಿಚಿಕೊಂಡು, ಏದುಸಿರು ಬಿಟ್ಟು ಸಾಯುತ್ತವೆ. ಕುತ್ತಿಗೆಗೆ, ಕಿವಿಯ ಹಿಂದೆ ಕೊಡಿ, ತೊಡೆಗೆ ಬೇಡ. ತೊಡೆಯಲ್ಲಿ ಕೀವುಗಟ್ಟಿದರೆ ಮುಂದೆ ಒಳ್ಳೆಯ ಮಾಂಸವೇ ಹಾಳು.

ಮೊದಲ ವಾರದ ನೀರು ಭೇದಿ ಬಹುತೇಕ ಕೊಳಕು ನೆಲ ಮತ್ತು ಚಳಿಯಿಂದ. ನಮ್ಮದು ಸೆಕೆಯ ಊರು, ಮರಿಗೆ ಎಲ್ಲಿಯ ಚಳಿ ಅಂತ ಕೇಳುತ್ತಾರೆ. ಹೊಸ ಮರಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು. ಡಿಸೆಂಬರ್ ರಾತ್ರಿ ಅಷ್ಟು ಇರುವುದಿಲ್ಲ ಅಲ್ವಾ? ಮೂಲೆಯಲ್ಲಿ ಒಂದು ಬಲ್ಬು, ಒಣ ಹುಲ್ಲು ಇರಲಿ. ಭೇದಿ ಹತ್ತಿದ ಮರಿಗೆ ಓಆರ್‌ಎಸ್ ನೀರು ಮೊದಲು, ಆಂಟಿಬಯೋಟಿಕ್ ಡಾಕ್ಟರು ಹೇಳಿದರೆ ಮಾತ್ರ. ಹಿಂದೆ ಎಲ್ಲರೂ ಕೊಡುತ್ತಿದ್ದ ಕೊಲಿಸ್ಟಿನ್ 2019ರಿಂದ ಸಾಕುಪ್ರಾಣಿಗಳಿಗೆ ನಿಷೇಧ. ಹಳೇ ಸ್ಟಾಕ್ ಯಾರಾದರೂ ಕೊಟ್ಟರೂ ತಗೊಳ್ಳಬೇಡಿ.

ಹಂತ 9: ಬೇಸಿಗೆ

ಹಂದಿಗೆ ಬೆವರಿ ಮೈ ತಣ್ಣಗೆ ಮಾಡಿಕೊಳ್ಳಲು ಆಗುವುದಿಲ್ಲ. 30 ಡಿಗ್ರಿ ದಾಟಿದರೆ ಮೇವು ಇಳಿಯುತ್ತದೆ. ನಮ್ಮಲ್ಲಿ 40 ದಾಟುವುದು ಮಾಮೂಲು. ತಗಡಿನ ಶೆಡ್ಡಾದರೆ ಮೇಲೆ ಭತ್ತದ ಹುಲ್ಲು ಹೊದಿಸಿ, ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಮೇವು ಹಾಕಿ. ಬಿಸಿಲಲ್ಲಿ ಬಿದ್ದ ಕಪ್ಪು ಪೈಪಿನ ನೀರನ್ನು ಮುಟ್ಟಿ ನೋಡಿ, ಕೈ ಸುಡುತ್ತದೆ. ಅದನ್ನು ಹಂದಿ ಕುಡಿಯದು. ಪೈಪನ್ನು ಒಂದಡಿ ಮಣ್ಣಲ್ಲಿ ಹೂಳಿ. ಹಾಲೂಡುವ ತಾಯಿಗೆ ದಿನಕ್ಕೆ 30 ಲೀಟರ್ ತನಕ ನೀರು ಬೇಕಾಗುತ್ತದೆ.

ಬಾಯಿ ತೆರೆದು ಏದುಸಿರು ಬಿಡುತ್ತಾ ಬಿದ್ದ ಹಂದಿಯನ್ನು ಎಬ್ಬಿಸಿ ಓಡಿಸಬೇಡಿ. ಅಲ್ಲೇ ನೆರಳು ಮಾಡಿ, ನೆಲ ತೋಯಿಸಿ, ಕಾಲು ಕಿವಿಗೆ ನೀರು ಹನಿಸಿ, ಫ್ಯಾನ್ ಹಾಕಿ. ಐಸ್ ನೀರು ಸುರಿಯಬೇಡಿ. ಬೀಜದ ಹಂದಿಗೆ ಒಮ್ಮೆ ಬಿಸಿಲು ಬಡಿದರೆ ಒಂದೂವರೆ ತಿಂಗಳಾದರೂ ವೀರ್ಯದ ಗುಣ ಕಡಿಮೆ ಇರುತ್ತದೆ. ಜೂನ್‌ನಲ್ಲಿ ಗಬ್ಬ ನಿಲ್ಲದಿದ್ದರೆ ತಾಯಿಯನ್ನು ಬೈಯಬೇಡಿ.

ಹಂತ 10: ಗದ್ದೆ, ಸೊಳ್ಳೆ, ಮೆದುಳು ಜ್ವರ

ಈ ವಿಷಯ ನಮ್ಮ ಮೂರು ಜಿಲ್ಲೆಗೆ ವಿಶೇಷವಾಗಿ ಬೇಕು. ನೀರು ನಿಂತ ಭತ್ತದ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಜಪಾನೀಸ್ ಮೆದುಳು ಜ್ವರ ಹರಡುತ್ತದೆ. ಕೊಕ್ಕರೆಯಿಂದ ಹಂದಿಗೆ, ಹಂದಿಯ ರಕ್ತದಲ್ಲಿ ವೈರಸ್ ಹೆಚ್ಚಿ, ಅಲ್ಲಿಂದ ಸೊಳ್ಳೆಯ ಮೂಲಕ ಮಕ್ಕಳಿಗೆ. ಗದ್ದೆ, ಕೊಕ್ಕರೆ, ಹಂದಿ, ಮನೆ ಎಲ್ಲವೂ ಒಂದೇ ಕ್ಯಾಂಪಿನಲ್ಲಿ ಒತ್ತಾಗಿ ಇರುವ ಕಡೆ ಇದು ಸುಲಭ. ದೊಡ್ಡ ಹಂದಿಗೆ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಗಬ್ಬದ ಹಂದಿ ಮಾತ್ರ ಸತ್ತ ಮರಿ, ಒಣಗಿ ಕಪ್ಪಾದ ಮರಿ ಹಾಕುತ್ತದೆ. ಹಾಗೆ ಆದರೆ ಡಾಕ್ಟರಿಗೆ ತಿಳಿಸಲೇಬೇಕು.

ದೊಡ್ಡಿಯನ್ನು ಮಲಗುವ ಮನೆಯಿಂದ ಆದಷ್ಟು ದೂರ ಕಟ್ಟಿ. ಸಂಜೆಗೆ ಶೆಡ್ಡಿನ ಸುತ್ತ ಸೊಳ್ಳೆ ಜಾಲರಿ ಇಳಿಬಿಡಿ. ತೊಳೆದ ನೀರು ನಿಲ್ಲದೆ ಹರಿದು ಹೋಗಲಿ. ಬೇವಿನ ಹೊಗೆ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. ಮನೆಯ ಮಕ್ಕಳಿಗೆ 9 ತಿಂಗಳಿಗೆ ಮತ್ತು 16ರಿಂದ 24 ತಿಂಗಳ ನಡುವೆ ಈ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ತಾಯಿ ಕಾರ್ಡ್ ತೆಗೆದು ನೋಡಿ, ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಂತ 11: ಮಾಂಸ

ಹಂದಿ ಮಾಂಸ ತಿಂದರೆ ಮೆದುಳಿಗೆ ಹುಳ ಬರುತ್ತದೆ ಅಂತ ಜನ ಹೆದರುತ್ತಾರೆ. ಅರ್ಧ ನಿಜ. ಹಂದಿಯ ಮಾಂಸದಲ್ಲಿರುವ ಅಕ್ಕಿಕಾಳಿನಷ್ಟು, ಬಟಾಣಿಯಷ್ಟು ಬಿಳಿ ನೀರುಗುಳ್ಳೆ ಸರಿಯಾಗಿ ಬೇಯದೆ ಹೊಟ್ಟೆಗೆ ಹೋದರೆ, ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಮೆದುಳಿಗೆ ಹೋಗಿ ಮೂರ್ಛೆ ತರಿಸುವುದು ಆ ಲಾಡಿಹುಳುವಿನ ಮೊಟ್ಟೆ. ಮೊಟ್ಟೆ ಹೊರಬರುವುದು ಮನುಷ್ಯರ ಮಲದಲ್ಲಿ. ಅದು ಕೈ, ಸೊಪ್ಪು, ನೀರಿನ ಮೂಲಕ ಇನ್ನೊಬ್ಬರ ಬಾಯಿಗೆ ಬರುತ್ತದೆ. ಮಾಂಸವನ್ನೇ ತಿನ್ನದವರಿಗೂ ಬರಬಹುದು. ಹಂದಿಗೂ ಈ ಗುಳ್ಳೆ ಬಂದದ್ದು ಬಯಲ ಮಲ ತಿಂದೇ. ಹಂದಿಯನ್ನು ಕಟ್ಟಿ ಸಾಕಿ, ದೊಡ್ಡಿಯ ಕೆಲಸದವರಿಗೆ ಶೌಚಾಲಯ ಕೊಡಿ. ಈ ಎರಡು ಕೆಲಸಕ್ಕೆ ಬೇರೆ ಪರ್ಯಾಯ ಇಲ್ಲ.

ಕೊಳ್ಳುವಾಗ ಹಂದಿಯ ನಾಲಿಗೆ ಎಳೆದು ಅಡಿಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಗಂಟು ಸಿಕ್ಕರೆ ಬೇಡ. ಸಿಗದಿದ್ದರೆ ಇಲ್ಲವೇ ಇಲ್ಲ ಅಂತಲ್ಲ, ಸ್ವಲ್ಪ ಇದ್ದರೆ ನಾಲಿಗೆಯಲ್ಲಿ ಗೊತ್ತಾಗುವುದಿಲ್ಲ. ಕೊಯ್ದ ಮೇಲೆ ಪಶುವೈದ್ಯರ ಪರೀಕ್ಷೆ ಆದ ಮಾಂಸವನ್ನೇ ಮಾರಿ. ಅಡುಗೆಯಲ್ಲಿ ದೊಡ್ಡ ತುಂಡಿನ ನಡುವಿನ ಕೆಂಪು ಹೋಗುವ ತನಕ ಬೇಯಿಸಿ.

ಯಾವ ಔಷಧಿ ಹಾಕಿದರೂ ಅದರ ಲೇಬಲ್ಲಿನಲ್ಲಿ ಮಾಂಸಕ್ಕೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ. ಹಂತ 1ರ ನೋಟ್‌ಬುಕ್ ತೆಗೆದು ತಾರೀಕು ಎಣಿಸಿ. ಅಷ್ಟು ದಿನ ಆಗದ ಹಂದಿ ಗಾಡಿ ಹತ್ತಬಾರದು, ಹಬ್ಬದ ರೇಟು ಇದ್ದರೂ ಸರಿ.

ಕೊಯ್ಯುವವರ ಹತ್ತಿರ ಯಕೃತ್ತು ಮತ್ತು ಶ್ವಾಸಕೋಶ ತೋರಿಸಲು ಕೇಳಿ. ಯಕೃತ್ತಿನ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಚುಕ್ಕೆ ಇದ್ದರೆ ದುಂಡು ಹುಳು ಹಾಯ್ದು ಹೋಗಿದೆ, ನಿಮ್ಮ ಹುಳದ ಔಷಧಿ ಸಾಲುತ್ತಿಲ್ಲ. ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿದ್ದರೆ ಅದಕ್ಕೆ ಸೋಂಕು ತಗುಲಿತ್ತು, ಶೆಡ್ಡಿನಲ್ಲಿ ಗಾಳಿ ಆಡುತ್ತಿದೆಯೇ, ಧೂಳು ಜಾಸ್ತಿ ಇದೆಯೇ ನೋಡಿ. ಆ ಬ್ಯಾಚಿನ ಉಳಿದ ಹಂದಿಗಳಿಗೆ ಆ ವಾರವೇ ಹುಳದ ಔಷಧಿ ಹಾಕಿಸಿ, ಗಬ್ಬದವಕ್ಕೆ ಈಯಲು ಎರಡು ವಾರ ಇರುವಾಗ ಕೊಡಿ, ಎರಡನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.